ಜ್ವರಕ್ಕೆ ಕೂತ ಬೆಕ್ಕು

ಮೊನ್ನೆ ನಮ್ಮ ಶಾಲೆಯ ಸಮಾರಂಭದಲ್ಲಿ ನನ್ನ ಕೊರಳಿಗೂ ಒಂದು ಹಾರ ಬಿತ್ತು. ಹೂವಿನದಲ್ಲ, ರೇಷ್ಮೆಗೂಡಿನದು. ಸನ್ಮಾನ ಅಂತ ತಿಳಿದುಕೊಳ್ಳಬೇಡಿ. ಬರಬೇಕಾಗಿದ್ದ ಅತಿಥಿಗಳಲ್ಲಿ ಒಬ್ಬರು ಕೈಕೊಟ್ಟರು, ತಂದ ಹಾರ ಒಂದು ಉಳಿಯಿತು, ಎದುರಿಗೆ ನಾನು ಸಿಕ್ಕಿದೆ, ಅಷ್ಟೆ. ಹೂವಿನ ಹಾರವಾಗಿದ್ದರೆ ಸಂಜೆಗೆ ಬಾಡಿ ತಿಪ್ಪೆ ಸೇರುತ್ತಿತ್ತು. ಇದು ಹಾಗಲ್ಲ, ವರ್ಷಗಟ್ಟಲೆ ಧೂಳು ಕುಡಿಯುತ್ತಾ ಮೊಳೆಗೆ ನೇತಾಡಿಕೊಂಡಿರುವ ಪೈಕಿ. ಮನೆಗೆ ತಂದು ಅಮ್ಮನ ಕೈಗೆ ಕೊಟ್ಟೆ. ಮಗಳಿಗೆ ಹಾರ ಹಾಕಿದರಲ್ಲ ಅಂತ ಹಿಗ್ಗುತ್ತಾಳೇನೋ ಅಂತ ನೋಡಿದರೆ, ಅವಳು ಅದರಲ್ಲೊಂದು ಗೂಡನ್ನು ಎರಡು ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ಒಯ್ದು ಅಲ್ಲಾಡಿಸಿದಳು.

"ಖಾಲಿ ಕಣೇ" ಅಂದಳು.

"ಹಾರಕ್ಕೆ ಖಾಲಿ ಗೂಡೇ ಪೋಣಿಸೋದಮ್ಮ."

"ಗೊತ್ತು. ಸುಮ್ನೆ ನೋಡ್ದೆ."

ಹುಳ ಮೇಯಿಸಿದವರ ಕೈ ಹಾಗೆಯೇ. ಗೂಡು ಕಂಡರೆ ಕಿವಿಗೆ ಹೋಗಲೇಬೇಕು. ಒಳಗೆ ಹುಳ ಕೊಳೆತು ಅಂಟಿಕೊಂಡಿದ್ದರೆ ಸದ್ದು ಬರುವುದಿಲ್ಲ, ಚೆನ್ನಾಗಿದ್ದರೆ ಲೊಟಲೊಟ ಅನ್ನುತ್ತದೆ. ಅಮ್ಮ ಹುಳ ಬಿಟ್ಟು ಎಷ್ಟೋ ವರ್ಷವಾಯಿತು, ಕಿವಿ ಇನ್ನೂ ಬಿಟ್ಟಿಲ್ಲ.

ನಮ್ಮೂರು ಮುಳಬಾಗಿಲಿನಿಂದ ಆಚೆಗೆ, ಆಂಧ್ರದ ಗಡಿಗೆ ಅಂಟಿಕೊಂಡ ಹಾಗಿದೆ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತೆಲುಗು. ಅಮ್ಮ ಮಾತ್ರ ಎರಡನ್ನೂ ಹಂಚಿಟ್ಟುಕೊಂಡಿದ್ದಳು. ಮಕ್ಕಳನ್ನು ಬೈಯುವುದಕ್ಕೆ ಕನ್ನಡ, ಹುಳುಗಳನ್ನು ಮುದ್ದು ಮಾಡುವುದಕ್ಕೆ ತೆಲುಗು. ಬೆಳಗಿನ ಹೊತ್ತು ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ತಟ್ಟೆಗಳ ಮೇಲೆ ಹರಡುತ್ತಾ "ತಿನಂಡ್ರಾ ನಾಯನಾ, ತಿನಂಡಿ" ಅಂತ ಅವಳು ಹಾಡಿದಂತೆ ಹೇಳುವುದು ಪಡಸಾಲೆಯಲ್ಲಿ ಮಲಗಿದ್ದ ನನಗೆ ಕೇಳುತ್ತಿತ್ತು. ನನಗೆ ಆ ದನಿಯಲ್ಲಿ ಯಾವತ್ತೂ ಯಾರೂ ತಿನ್ನು ಅಂತ ಹೇಳಿದ್ದಿಲ್ಲ. "ತಿಂದು ಎದ್ದೇಳೇ, ತಟ್ಟೆ ತೊಳೀಬೇಕು" ಅನ್ನುವುದೇ ನನ್ನ ಪಾಲಿಗೆ. ಈ ವಿಷಯದಲ್ಲಿ ನನಗೆ ಇವತ್ತಿಗೂ ಹೊಟ್ಟೆಕಿಚ್ಚಿದೆ, ಮುಚ್ಚಿಡುವುದೇನಿಲ್ಲ.

ಮನೆಯ ನಡುಭಾಗವೆಲ್ಲ ಹುಳುಗಳದ್ದು, ಅಂಚು ನಮ್ಮದು. ಹೊಗೆ, ವಾಸನೆ ಹುಳಕ್ಕೆ ಆಗದು ಅಂತ ಅದು ಇರುವಷ್ಟು ದಿನ ಒಗ್ಗರಣೆ ಬಂದ್. ಊದುಬತ್ತಿ ಬಂದ್, ಪೌಡರ್ ಬಂದ್, ಅಪ್ಪನ ಬೀಡಿ ಬಾವಿಯ ಆಚೆಗೆ. ಜೋರಾಗಿ ನಕ್ಕರೆ ಬೆನ್ನಿಗೊಂದು ಬೀಳುತ್ತಿತ್ತು. ಹುಳ ಚೆನ್ನಾಗಿ ಮೇಯ್ತಿದೆ ಅಂತ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ದೃಷ್ಟಿ ತಾಗುತ್ತದೆ. ಯಾರಾದರೂ ಕೇಳಿದರೆ "ಏನೋ ಐತೆ" ಅನ್ನಬೇಕು. ಇರುವೆ ಹತ್ತದಂತೆ ತಟ್ಟೆಯ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಳಿಸಿಡುತ್ತಿದ್ದರು. ಆ ಬಟ್ಟಲಿಗೆ ನೀರು ತುಂಬುವ ಕೆಲಸ ನನ್ನದು. ರಜೆಯಲ್ಲಿ ಬಂದ ನೆಂಟರ ಮಕ್ಕಳು ನಿಮ್ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅಂತ ಕೇಳುತ್ತಿದ್ದರು. ಅಷ್ಟು ಮೌನ.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೂ ಹುಳ ಇತ್ತು. ಕೊನೆಯ ಹಂತ, ಇನ್ನೇನು ಗೂಡು ಕಟ್ಟುವ ಹೊತ್ತು. ಬಂದವರು ಪೂಸಿಕೊಂಡಿದ್ದ ಸೆಂಟು ದೂರದಿಂದಲೇ ಅಪ್ಪನ ಮೂಗಿಗೆ ಬಡಿಯಿತು. ಒಳಗೆ ಕರೆಯುವ ಹಾಗಿಲ್ಲ, ಹೊರಗೆ ಕೂರಿಸುವ ಹಾಗಿಲ್ಲ. ಅಪ್ಪ ತಲೆ ಕೆರೆದುಕೊಳ್ಳುತ್ತಾ ನಿಂತಾಗ ಗಂಡಿನ ತಂದೆಯೇ ಚಪ್ಪಲಿ ಬಿಟ್ಟು ಕೇಳಿದರು, "ಹುಳ ಎಷ್ಟನೇ ಜ್ವರ ಎದ್ದೈತೆ ಗೌಡ್ರೇ?" ಅವರದ್ದೂ ಹುಳದ ಮನೆ. ಹುಣಸೆಮರದ ಕೆಳಗೆ ತಾವೇ ಹೋಗಿ ಕೂತರು. ಹುಡುಗ ಮುಖ, ಕೈಕಾಲು ತೊಳೆದುಕೊಂಡು ಹುಳ ನೋಡಿ ಬರುತ್ತೇನೆ ಅಂತ ಒಳಗೆ ಹೋದವನು ಅರ್ಧ ಗಂಟೆ ಬರಲಿಲ್ಲ. ನಾನು ಕಾಫಿ ಲೋಟ ಹಿಡಿದು ನಿಂತೇ ಇದ್ದೆ. ಅವತ್ತು ಅವರು ನನ್ನನ್ನು ನೋಡಿದ್ದಕ್ಕಿಂತ ಹುಳ ನೋಡಿದ್ದೇ ಹೆಚ್ಚು. ಆ ಹುಡುಗನೇ ಈಗ ನಮ್ಮ ಯಜಮಾನರು.

ಜ್ವರ ಅಂದೆನಲ್ಲ, ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಅದು ಕಾಯಿಲೆಯಲ್ಲ. ರೇಷ್ಮೆಹುಳ ಬೆಳೆಯುತ್ತಾ ನಾಲ್ಕು ಸಲ ಪೊರೆ ಕಳಚುತ್ತದೆ. ಪ್ರತಿ ಸಲವೂ ಮೇಯುವುದು ನಿಲ್ಲಿಸಿ, ತಲೆ ಎತ್ತಿಕೊಂಡು, ಕದಲದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂತಿದೆ ಅನ್ನುವುದು. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಅಲ್ಲಾಡಿಸಬಾರದು. ಸುಣ್ಣದ ಪುಡಿ ಉದುರಿಸಿ ಬಿಟ್ಟುಬಿಡಬೇಕು. ಪಾಪ ಹಸಿದಿದೆಯೇನೋ ಅಂತ ಯಾರಾದರೂ ಸೊಪ್ಪು ಹಾಕಿದರೋ, ಬೆಳೆ ಹೋಯಿತು. ಈ ಒಂದು ನಿಯಮ ನಮ್ಮ ರಕ್ತದಲ್ಲಿ ಸೇರಿಹೋಗಿದೆ. ಸೇರಿಹೋಗಿದ್ದರಿಂದಲೇ ಕಳೆದ ಬೇಸಿಗೆಯಲ್ಲಿ ನಾನು, ಯಜಮಾನರು, ಅಮ್ಮ ಮೂವರೂ ಸೇರಿ ಒಂದು ಬೆಕ್ಕನ್ನು ಕೊಲ್ಲುವುದರಲ್ಲಿದ್ದೆವು.

ಈಗ ನಾವಿರುವುದು ಕೋಲಾರದಲ್ಲಿ, ಬಾಡಿಗೆ ಮನೆ. ನಾನು ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ವಿಜ್ಞಾನದ ಟೀಚರು. ಯಜಮಾನರು ನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಶಿಫ್ಟು ಕೆಲಸ. ಅಪ್ಪ ಹೋದ ಮೇಲೆ ಅಮ್ಮ ಒಂದಷ್ಟು ಕಾಲ ಒಬ್ಬಳೇ ಹುಳ ಮೇಯಿಸಿ, ಆಮೇಲೆ ಅದನ್ನು ಬಿಟ್ಟು, ಜಮೀನನ್ನು ಬೆಳೆಯಲ್ಲಿ ಪಾಲು ಅಂತ ಚಿಕ್ಕಪ್ಪನಿಗೆ ವಾರಕ್ಕೆ ಕೊಟ್ಟು ನಮ್ಮ ಜೊತೆ ಬಂದಳು. ಬೆಕ್ಕು ಬಂದ ದಿನ ಮಧ್ಯಾಹ್ನ ಅಮ್ಮನಿಗೆ ಬೀದಿಯಲ್ಲಿ ಟೆಂಪೋ ಬ್ರೇಕು ಹಾಕಿದ ಸದ್ದು ಕೇಳಿತಂತೆ. ಸಂಜೆ ನಾನು ಬರುವ ಹೊತ್ತಿಗೆ ಹಿತ್ತಲ ನೀರಿನ ಡ್ರಮ್ಮಿನ ಸಂದಿಯಲ್ಲಿ ಒಂದು ಬೂದಿ ಬಣ್ಣದ ಬೀದಿ ಬೆಕ್ಕು ಬಿದ್ದಿತ್ತು. ಹಿಂಗಾಲು ತಿರುಚಿಕೊಂಡು, ಅಲ್ಲಿವರೆಗೆ ತನ್ನನ್ನು ತಾನೇ ಎಳೆದುಕೊಂಡು ಬಂದಿತ್ತು. ಅಮ್ಮ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಮಂಡಿ ನೋವು ಅಂತ ದೇವರಿಗೂ ನಿಂತೇ ಕೈಮುಗಿಯುವವಳು.

ನಾನು ಬೆಕ್ಕುಗಳನ್ನು ಎತ್ತಿ ಮುದ್ದಾಡುವ ಜನವಲ್ಲ. ಮೇಲಾಗಿ ಅದು ಮಗಳ ಹಾಸ್ಟೆಲ್ ಫೀಸು ಕಟ್ಟಿ ಕೈ ಖಾಲಿಯಾಗಿದ್ದ ತಿಂಗಳು. ಆದರೆ ಅದು ನನ್ನನ್ನು ನೋಡಿತು, ನಾನು ಅಮ್ಮನನ್ನು ನೋಡಿದೆ. ಇನ್ನು ಹೊರಗೆ ಹಾಕುವುದೆಲ್ಲಿ ಬಂತು.

ಪಶು ಆಸ್ಪತ್ರೆಯ ಡಾಕ್ಟರಮ್ಮ ಅದರ ಸೊಂಟ, ಕಾಲು ಒತ್ತಿ ನೋಡಿದರು. ಬೆಂಗಳೂರಿಗೆ ಒಯ್ದರೆ ಆಪರೇಷನ್ ಮಾಡಿ ಕಂಬಿ ಹಾಕುತ್ತಾರೆ ಅಂದರು. ನಾನು ಪರ್ಸಿನ ಜಿಪ್ಪು ಎಳೆದು ಮತ್ತೆ ಮುಚ್ಚಿದೆ. ಆ ಜಿಪ್ಪಿನ ಸದ್ದು ಅವರಿಗೆ ದಿನಾ ಪರಿಚಯ ಇರಬೇಕು. "ಬೇಡ ಬಿಡಿ. ಪಂಜರದಲ್ಲಿಟ್ಟು, ನೆಗೆಯೋಕೆ ಬಿಡದೆ, ಚೆನ್ನಾಗಿ ತಿನ್ಸಿ. ಮೂಳೆ ತಾನೇ ಕೂಡುತ್ತೆ. ಕುಂಟುತ್ತೆ, ಆದ್ರೆ ಬದುಕುತ್ತೆ" ಅಂದರು. ಚೆನ್ನಾಗಿ ತಿನ್ಸಿ ಅಂತ ಎಲ್ಲ ಡಾಕ್ಟರೂ ಹೇಳುತ್ತಾರೆ. ಎಲ್ಲ ರೋಗಿಗಳ ಹಾಗೆ ನಾವೂ ತಲೆಯಾಡಿಸಿ ಬಂದೆವು.

ಪಂಜರಕ್ಕೆ ದುಡ್ಡು ಕೊಡುವವರು ಯಾರು? ಟೊಮೆಟೊ ಕ್ರೇಟು ಇಲ್ಲದ ಮನೆ ಕೋಲಾರದಲ್ಲಿಲ್ಲ. ನಮ್ಮಲ್ಲಿ ಒಂದರಲ್ಲಿ ಚಪ್ಪಲಿ, ಒಂದರಲ್ಲಿ ಮಗಳ ಹಳೆ ಪುಸ್ತಕ ಇದ್ದವು. ಎರಡನ್ನೂ ಖಾಲಿ ಮಾಡಿ, ಬಾಯಿಗೆ ಬಾಯಿ ಕೂಡಿಸಿ ಹಗ್ಗದಲ್ಲಿ ಕಟ್ಟಿದೆವು. ನನ್ನ ಹಳೇ ನೈಟಿ ಹಾಸಿಗೆಯಾಯಿತು. ಕೋಳಿ ಅಂಗಡಿಯವನು ಬೆಕ್ಕಿಗೆ ಅಂದರೆ ಲಿವರು, ಚೂರುಪಾರು ಸುಮ್ಮನೆ ಕೊಡಲು ಒಪ್ಪಿದ. ಮಾರನೆಯ ದಿನವೇ ಯಜಮಾನರು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಕೊಟ್ಟ ಮೊಟ್ಟೆಯನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಹೊರಟರು. ಗೇಟಿನಲ್ಲಿ ಜೇಬು ತಡಕುವ ಸೆಕ್ಯುರಿಟಿಯವನ ಕೈಗೆ ಗುಂಡಗೆ ಏನೋ ಸಿಕ್ಕಿ, ಇಡೀ ಶಿಫ್ಟು ನೋಡುತ್ತಿರುವಾಗ ಕರ್ಚೀಫು ಬಿಚ್ಚಿಸಿದನಂತೆ. "ಏನ್ಲಾ ಇದು?" "ಮೊಟ್ಟೆ ಸಾರ್, ಬೆಕ್ಕಿಗೆ." ಅವತ್ತಿನಿಂದ ಕಂಪನಿ ಬಸ್ಸಿನಲ್ಲಿ ಇವರನ್ನು ನೋಡಿದರೆ ಎಲ್ಲರೂ ಮಿಯಾಂವ್ ಅನ್ನುತ್ತಾರೆ.

ಅಮ್ಮ ಮಾತ್ರ ಬೇರೆಯೇ ಮನುಷ್ಯಳಾದಳು. ಕ್ರೇಟನ್ನು ಸ್ಟೂಲಿನ ಮೇಲಿಡಿಸಿ, ಸ್ಟೂಲಿನ ನಾಲ್ಕು ಕಾಲಿಗೂ ತೆಂಗಿನ ಚಿಪ್ಪಿನಲ್ಲಿ ನೀರಿಟ್ಟಳು, ಗಾಯಕ್ಕೆ ಇರುವೆ ಹತ್ತಬಾರದಲ್ಲ. ಒಗ್ಗರಣೆ ನಿಲ್ಲಿಸಿದಳು. ಊದುಬತ್ತಿ ಆರಿಸಿದಳು. ದಿನಕ್ಕೆರಡು ಸಲ ಹಾಸಿಗೆ ಬದಲಿಸಿ, ಬಿಸಿಲಿಗೆ ಹಾಕಿ, ಒಣಗಿಸಿ ಮತ್ತೆ ಹಾಸಿದಳು. ಪಕ್ಕದ ಮನೆಯಾಕೆ ಬೆಕ್ಕು ಹೇಗಿದೆ ಅಂತ ಕೇಳಿದರೆ "ಏನೋ ಐತೆ" ಅಂದಳು. ನಮ್ಮ ಬಾಡಿಗೆ ಮನೆ ನೋಡನೋಡುತ್ತಲೇ ಹುಳದ ಮನೆಯಾಯಿತು. ನನಗೂ, ನಿಜ ಹೇಳಬೇಕೆಂದರೆ, ಬಹಳ ಹಿತವಾಯಿತು. ಒಗ್ಗರಣೆಯಿಲ್ಲದ ಸಾರು, ಮೆತ್ತಗಿನ ಮಾತು, ಎಲ್ಲ ಎಷ್ಟು ವರ್ಷದ ಹಿಂದಿನವು. ನಾನು ಕೇಳದೆಯೇ ಚಿಪ್ಪುಗಳಿಗೆ ನೀರು ತುಂಬುತ್ತಿದ್ದೆ.

ಬೆಕ್ಕು ಮೊದಲ ದಿನ ನಾನಿಟ್ಟ ಹಾಲನ್ನ ಸ್ವಲ್ಪ ನೆಕ್ಕಿತು. ಆಮೇಲೆ ಬಿಟ್ಟಿತು. ಮುಂಗಾಲು ಮಡಚಿ, ತಲೆ ಎತ್ತಿ, ಕಣ್ಣು ಅರೆ ಮುಚ್ಚಿ, ಕದಲದೆ ಕೂತಿತು.

"ಜ್ವರಕ್ಕೆ ಕೂತೈತೆ. ಯಾರೂ ಏನೂ ಹಾಕಬೇಡಿ" ಅಂದಳು ಅಮ್ಮ.

ನಾನು ಎಂಟನೇ ತರಗತಿಗೆ ಜೀರ್ಣಾಂಗದ ಪಾಠ ಮಾಡುವವಳು. ಅಲ್ಲಮ್ಮ, ಇದು ಬೆಕ್ಕು ಅನ್ನಬೇಕಿತ್ತು. ಅನ್ನಲಿಲ್ಲ. ಯಜಮಾನರ ಮುಖ ನೋಡಿದೆ. ಅವರು ಬಗ್ಗಿ ಕ್ರೇಟಿನೊಳಗೆ ನೋಡಿ, "ಅತ್ತೆ ಹೇಳೋದು ಸರಿ. ತಲೆ ಎತ್ಕೊಂಡಿರೋದು ನೋಡು, ಥೇಟ್ ನಾಲ್ಕನೇ ಜ್ವರ" ಅಂದರು. ನಾವು ಫ್ಯಾನು ಆರಿಸಿ, ಫೋನು ಸದ್ದಡಗಿಸಿ, ತುದಿಗಾಲಲ್ಲಿ ಓಡಾಡಿದೆವು. ತಟ್ಟೆ ತೆಗೆದುಬಿಟ್ಟೆವು. ಮಾರನೆಯ ದಿನವೂ ಹಾಗೆಯೇ. ಎದ್ದ ಮೇಲೆ ಗಬಗಬ ತಿನ್ನುತ್ತೆ ನೋಡು ಅಂತ ಒಬ್ಬರಿಗೊಬ್ಬರು ಹೇಳಿಕೊಂಡೆವು.

ಅದರ ಮರುದಿನ ಇಂಜೆಕ್ಷನ್ನಿಗೆ ಅಂತ ಆಸ್ಪತ್ರೆಗೆ ಒಯ್ದಾಗ ಡಾಕ್ಟರಮ್ಮ ಏನು ತಿಂತಿದೆ ಅಂತ ಕೇಳಿದರು.

"ಏನೂ ಇಲ್ಲ ಮೇಡಂ. ಜ್ವರಕ್ಕೆ ಕೂತಿದೆ. ನಾವೇ ಹಾಕ್ತಿಲ್ಲ" ಅಂದೆ, ಹೆಮ್ಮೆಯಿಂದಲೇ.

ಅವರು ಪೆನ್ನು ಕೆಳಗಿಟ್ಟರು. "ಹುಳ ಮೇಯಿಸ್ತಿದ್ರಾ ಮನೇಲಿ?"

"ಹೂಂ."

"ಹುಳ ಜ್ವರದಿಂದ ಎದ್ದು ತಾನೇ ತಿನ್ನುತ್ತೆ. ಬೆಕ್ಕು ಹಂಗಲ್ಲ ಮೇಡಂ. ನೋವಿಗೆ ತಿನ್ನೋದು ಬಿಟ್ಟಿದೆ. ಇನ್ನೆರಡು ದಿನ ಹೊಟ್ಟೆ ಖಾಲಿ ಬಿಟ್ರೆ ಲಿವರ್ ಕೆಟ್ಟು ಸಾಯುತ್ತೆ. ಹೆಂಗಾದ್ರೂ ಮಾಡಿ ಇವತ್ತಿಂದ್ಲೇ ತಿನ್ಸಿ."

ಆಟೋದಲ್ಲಿ ವಾಪಸ್ಸು ಬರುವಾಗ ಕ್ರೇಟನ್ನು ತೊಡೆಯ ಮೇಲಿಟ್ಟುಕೊಂಡು ನಾನು ನಮ್ಮ ಮೂವರನ್ನೂ ಸೇರಿಸಿ ಬೈದುಕೊಂಡೆ. ಕೈಯಾರೆ ಉಪವಾಸ ಕೆಡವಿದ್ದೆವಲ್ಲ. ಅದೋ, ಎತ್ತಿದರೆ ಬಟ್ಟೆ ಎತ್ತಿದಷ್ಟು ಹಗುರವಾಗಿತ್ತು.

ಮನೆಗೆ ಬಂದು ಲಿವರು ಬೇಯಿಸಿ, ಅರೆದು, ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿ ಬಾಯಿಗೆ ಹಿಡಿದೆ. ಅಷ್ಟು ನಿಶ್ಶಕ್ತ ಪ್ರಾಣಿಗೆ ಆ ಶಕ್ತಿ ಎಲ್ಲಿಂದ ಬಂತೋ, ನನ್ನ ಮಣಿಕಟ್ಟು ಗೀರಿ ರಕ್ತ ಬರಿಸಿತು. ಯಜಮಾನರು ಫ್ಯಾಕ್ಟರಿಯ ದಪ್ಪ ಗ್ಲೌಸು ಹಾಕಿಕೊಂಡು ಹಿಡಿದರು. ಬಾಯಿಗೆ ಹೋದದ್ದೆಲ್ಲ ನೊರೆಯಾಗಿ ಹೊರಗೆ ಬಂತು. ಮೂರು ಸಲ ಮಾಡಿದೆವು, ಮೂರು ಸಲವೂ ಹಾಗೆಯೇ. ಆದರೆ ಅಮ್ಮ ಹಾಸಿಗೆ ಬದಲಿಸಲು ಕೈ ಹಾಕಿದಾಗ ಮಾತ್ರ ಅದು ಒಂದು ಚೂರೂ ಮಿಸುಕಲಿಲ್ಲ. ಅವಳ ಅಂಗೈಗೆ ಗಲ್ಲ ಊರಿತು.

"ನೀನು ತಿನ್ಸಮ್ಮ. ನಿನ್ ಹತ್ರ ಸುಮ್ನಿರ್ತದೆ" ಅಂದೆ.

"ನಾನು ಹಾಕಲ್ಲ."

"ಇನ್ನೂ ಜ್ವರ ಅಂತೀಯಾ? ಡಾಕ್ಟ್ರು ಏನಂದ್ರು ಅಂತ ಹೇಳಿದ್ನಲ್ಲ. ತಿನ್ನದಿದ್ರೆ ಸಾಯ್ತದೆ." ನನ್ನ ದನಿ ಏರಿತ್ತು. ಹುಳದ ಮನೆಯಾಗಿದ್ದರೆ ಬೆನ್ನಿಗೆ ಬೀಳುತ್ತಿತ್ತು.

ಅಮ್ಮ ಎದ್ದು ಹೋಗಿ ಹಿತ್ತಲ ಬಾಗಿಲಲ್ಲಿ ನಿಂತಳು. ಬೆನ್ನು ಮಾಡಿಕೊಂಡೇ ಹೇಳಿದಳು, "ಜ್ವರ ಅಲ್ಲ ಅಂತ ನಂಗೂ ಗೊತ್ತು ಕಣೇ. ನನ್ನ ಕೈಯಿಂದ ಬೇಡ."

ಆಗ ನನಗೆ ತಿಳಿಯಿತು. ತಿಳಿದ ತಕ್ಷಣ ಸಿಟ್ಟೆಲ್ಲ ಇಳಿದು ಸಿರಿಂಜನ್ನು ಕೆಳಗಿಟ್ಟೆ.

ಅವಳು ಮೇಯಿಸಿದ ಕೊನೆಯ ಬೆಳೆಯ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಹಿಪ್ಪುನೇರಳೆ ತೋಟದ ಪಕ್ಕಕ್ಕೆ ಬೇರೆಯವರ ಟೊಮೆಟೊ. ಅವರು ಔಷಧಿ ಹೊಡೆದ ಸಂಜೆ ಗಾಳಿ ಈ ಕಡೆಗೆ ತಿರುಗಿತ್ತು. ಅಮ್ಮನಿಗೆ ಅದು ಗೊತ್ತಿಲ್ಲ. ಬೆಳಿಗ್ಗೆ ಎಂದಿನಂತೆ ಸೊಪ್ಪು ಕೊಯ್ದು ತಂದು ಹಾಕಿದಳು. ಹುಳ ಹಣ್ಣಾಗಿ ಗೂಡು ಕಟ್ಟಲು ಇನ್ನೆರಡೇ ದಿನ, ಅದರ ಹಸಿವು ಕೇಳಬೇಡಿ, ಮುಗಿಬಿದ್ದು ತಿಂದವು. ಮಧ್ಯಾಹ್ನದ ಹೊತ್ತಿಗೆ ಹಸಿರು ರಸ ಕಕ್ಕುತ್ತಾ, ತಲೆ ತಿರುಚಿಕೊಂಡು, ತಟ್ಟೆ ತಟ್ಟೆಯೇ ಸತ್ತುಹೋದವು. ಟೊಮೆಟೊದವರು ಬಂದು ಕೈಮುಗಿದು ಅತ್ತರು. ಅಮ್ಮ ಅವರನ್ನು ಒಂದು ಮಾತೂ ಅನ್ನಲಿಲ್ಲ. ಸುದ್ದಿ ಕೇಳಿ ನಾನು ಓಡಿಹೋದಾಗ ಹುಳ ಹೂತ ಗುಂಡಿ ಮುಚ್ಚಿಯಾಗಿತ್ತು. "ನಾನೇ ಹಾಕ್ದೆ. ತಿನಂಡಿ ತಿನಂಡಿ ಅಂತ ನಾನೇ ಹೇಳ್ದೆ" ಅಂದಳು, ಅಷ್ಟೆ. ಮತ್ತೆ ಅವಳು ಹುಳ ಮೇಯಿಸಲಿಲ್ಲ.

ಬೆಕ್ಕಿನ ಸೇವೆಯೆಲ್ಲ ಮಾಡಿದವಳು ಒಂದು ದಿನವೂ ಅದರ ಮುಂದೆ ತಟ್ಟೆ ಇಟ್ಟಿರಲಿಲ್ಲ ಅನ್ನುವುದು ನನಗೆ ಹೊಳೆದದ್ದೇ ಆಗ. ಜ್ವರಕ್ಕೆ ಕೂತೈತೆ, ಹಾಕಬೇಡಿ ಅಂದದ್ದು ಅವಳಿಗೊಂದು ಬಚಾವು. ನಾವಿಬ್ಬರು ಪೆದ್ದರು ಅದನ್ನು ಶಾಸ್ತ್ರ ಅಂತ ನಂಬಿದ್ದೆವು.

ಮರುದಿನ ನನಗೆ ಪರೀಕ್ಷೆಯ ಡ್ಯೂಟಿ, ರಜೆ ಸಿಗುವುದಿಲ್ಲ, ಹಾಕಿದರೆ ಸಂಬಳ ಹಿಡಿಯುತ್ತಾರೆ. ಯಜಮಾನರದು ಮೊದಲ ಶಿಫ್ಟು, ಬೆಳಕು ಹರಿಯುವ ಮುಂಚೆಯೇ ಕಂಪನಿ ಬಸ್ಸು. ಬೆಳಿಗ್ಗೆ ನಾನು ಇನ್ನೊಮ್ಮೆ ಹೋರಾಡಿ ಸೋತೆ. ಬೆಕ್ಕು ಈಗ ತಲೆಯನ್ನೂ ಎತ್ತುತ್ತಿರಲಿಲ್ಲ. ಲಿವರನ್ನು ಬಟ್ಟಲಲ್ಲಿ ಹಾಕಿ ಕ್ರೇಟಿನ ಪಕ್ಕ ಇಟ್ಟೆ.

"ಆದ್ರೆ ಹಾಕು. ಆಗದಿದ್ರೆ ಬಿಡಮ್ಮ, ನಾನೇನೂ ಅನ್ನಲ್ಲ" ಅಂದೆ.

ಅವಳು ಬಟ್ಟಲಿನ ಕಡೆ ನೋಡಲಿಲ್ಲ. "ಬಸ್ಸು ಹೋಗ್ತದೆ, ನಡಿ" ಅಂದಳು.

ಅವತ್ತು ಶಾಲೆಯಲ್ಲಿ ಯಾರು ಕಾಪಿ ಹೊಡೆದರೋ ದೇವರಿಗೇ ಗೊತ್ತು. ನನ್ನ ಕಣ್ಣು ಗಡಿಯಾರದ ಮೇಲಿತ್ತು. ಬೆಕ್ಕು ಹೋದರೆ ಹೋಯಿತು ಅಂತ ಸಮಾಧಾನ ಹೇಳಿಕೊಳ್ಳಲು ನೋಡಿದೆ, ಆಗಲಿಲ್ಲ. ಅಮ್ಮ ಒಬ್ಬಳೇ ಇರುವಾಗ ಅವಳ ಕಣ್ಣೆದುರಿಗೇ ಅದು ಹೋಗಿಬಿಟ್ಟರೆ ಅನ್ನುವುದೇ ಭಯ. ಹಾಕಿದ್ದರಿಂದ ಹೋಯಿತು ಅಂದುಕೊಂಡರೂ ಕಷ್ಟ, ಹಾಕದಿದ್ದರಿಂದ ಹೋಯಿತು ಅಂದುಕೊಂಡರೂ ಕಷ್ಟ. ಬಟ್ಟಲು ಇಟ್ಟು ಬಂದದ್ದೇ ತಪ್ಪಾಯಿತೇನೋ ಅನ್ನಿಸಿ ಊಟದ ಡಬ್ಬಿ ಬಿಚ್ಚಲೇ ಇಲ್ಲ.

ಸಂಜೆ ಬಾಗಿಲು ತೆರೆದಾಗ ಮನೆ ಸದ್ದಿಲ್ಲದೆ ಇತ್ತು. ಅಮ್ಮ ಕ್ರೇಟನ್ನು ಸ್ಟೂಲಿನಿಂದ ಕೆಳಗಿಳಿಸಿ, ಹಗ್ಗ ಬಿಚ್ಚಿ, ಅದರ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಬೆಳಿಗ್ಗೆ ನಾನು ಮುಚ್ಚಿಟ್ಟು ಹೋದ ಅವಳ ಊಟ ಹಾಗೇ ಮುಚ್ಚಿತ್ತು. ಲಿವರಿನ ಬಟ್ಟಲು ಅರ್ಧ ಖಾಲಿಯಾಗಿತ್ತು. ಉಳಿದದ್ದನ್ನು ನೋಡಿದೆ. ನಾನು ಅರೆದಿಟ್ಟದ್ದಲ್ಲ ಅದು. ಮರಿ ಹುಳಕ್ಕೆ ಚಿಗುರು ಸೊಪ್ಪು ಹೆಚ್ಚುವಾಗ ಹೆಚ್ಚುತ್ತಿದ್ದಳಲ್ಲ, ಹಾಗೆ, ಹೊಸದಾಗಿ ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದ್ದು.

"ತಿಂತಾ?" ಅಂದೆ, ಪಿಸುಮಾತಿನಲ್ಲಿ.

"ನೀನು ಹೋಗ್ತಿದ್ದಂಗೇ ಹಾಕ್ದೆ. ಬೆರಳಿಂದ ನೆಕ್ತು."

"ಮತ್ತೆ ಇನ್ನೂ ಯಾಕಿಲ್ಲೇ ಕೂತಿದ್ದೀಯ? ಊಟ ಕೂಡ ಮಾಡಿಲ್ಲ."

ಅವಳ ಕಣ್ಣು ಬೆಕ್ಕಿನ ಪಕ್ಕೆಯ ಮೇಲಿತ್ತು. ಪಕ್ಕೆ ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು.

"ಹುಳ ಮಧ್ಯಾಹ್ನಕ್ಕೇ ಹೋದ್ವಲ್ಲ" ಅಂದಳು. "ಇದು ಮಧ್ಯಾಹ್ನ ದಾಟ್ತು ಕಣೇ. ಕತ್ತಲಾಗೋ ಗಂಟ ನೋಡೋಣ ಅಂತ ಕೂತಿದ್ದೀನಿ."

ನಾನು ಬ್ಯಾಗು ಕೂಡ ಇಳಿಸದೆ ಅವಳ ಪಕ್ಕ ಕೂತೆ. ಅವಳ ಮಂಡಿಯ ಮೇಲೆ ಕೈಯಿಟ್ಟೆ. ಶಿಫ್ಟು ಮುಗಿಸಿ ಓವರ್‌ಟೈಮಿಗೆ ನಿಂತಿದ್ದ ಯಜಮಾನರು ಬಂದರು, ನಮ್ಮಿಬ್ಬರನ್ನೂ ನೋಡಿದರು, ಶೂ ಬಿಚ್ಚಿ ಗೋಡೆಗೊರಗಿ ಅವರೂ ಕೂತರು. ಮೂವರೂ ಬೆಕ್ಕಿನ ಉಸಿರು ನೋಡುತ್ತಾ ಇದ್ದೆವು. ಯಾರೂ ಲೈಟು ಹಾಕಲಿಲ್ಲ. ಬೀದಿ ದೀಪ ಹತ್ತಿ ಅದರ ಬೆಳಕು ಕಿಟಕಿಯಿಂದ ನೆಲದ ಮೇಲೆ ಬಿತ್ತು.

"ಕತ್ತಲಾಯ್ತಾ?" ಅಂತ ಕೇಳಿದಳು ಅಮ್ಮ.

"ಆಯ್ತಮ್ಮ."

ಬೆಕ್ಕು ಅವಳ ಕಡೆ ಮುಖ ತಿರುಗಿಸಿತು.

"ಹಂಗಾದ್ರೆ ಆ ಬಟ್ಟಲು ಇತ್ಲಾಗಿ ಕೊಡು. ಹಸಿದೈತೆ, ನಾನು ಹಾಕ್ತೀನಿ."